ಕುಸ್ತಿ ಕಲಿತು ಬೆಳೆಯದ ಜಾರ್ಜ್ ಸೇಂಟ್-ಪಿಯರ್ ಕುಸ್ತಿಪಟುಗಳನ್ನೇ ಕೆಡವಿದ್ದು ಹೇಗೆ?

ಗರಡಿಹಾದಿ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಾನು ನಾಡಕುಸ್ತಿಯನ್ನು ನೋಡಿಕೊಂಡು ಬೆಳೆದವನು. ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲವೂ ಸೇರಿದ ಮಿಶ್ರ ಸಮರಕಲೆ) ಪಂದ್ಯಗಳನ್ನು ನೋಡಲು ಆರಂಭಿಸಿದ್ದು ಈಚೆಗೆ. ಈಗಿನವರಿಗಿಂತ ನಿವೃತ್ತರಾದವರ ಪಂದ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ಅನುಕ್ರಮವಾಗಿ ನೋಡುವುದು ನನಗೆ ಹಿಡಿಸಿದೆ, ಏಕೆಂದರೆ ಒಬ್ಬ ಸ್ಪರ್ಧಿ ಎಲ್ಲಿ ಕಲಿತ, ಎಲ್ಲಿ ಬದಲಾದ, ಎಲ್ಲಿ ದಣಿದ ಎನ್ನುವುದು ಹಾಗೆ ನೋಡಿದಾಗಲೇ ಕಾಣುತ್ತದೆ. ಸದ್ಯಕ್ಕೆ ಕೆನಡಾದ ಜಾರ್ಜ್ ಸೇಂಟ್-ಪಿಯರ್ ಅವರ ಪಂದ್ಯಗಳನ್ನು ನೋಡುತ್ತಿದ್ದೇನೆ ಮತ್ತು ಎರಡು ವಿಷಯಗಳಲ್ಲಿ ಗೊಂದಲಕ್ಕೆ ಬಿದ್ದಿದ್ದೇನೆ.

ಮೊದಲನೆಯದು ಇದು. ಇವರು ಬಾಲ್ಯದಲ್ಲಿ ಕಲಿತದ್ದು ಕ್ಯೋಕುಶಿನ್ ಕರಾಟೆ. ಅಮೆರಿಕದ ಸ್ಪರ್ಧಿಗಳಂತೆ ಶಾಲೆ ಮತ್ತು ಕಾಲೇಜುಗಳಲ್ಲಿ ಕುಸ್ತಿಯಾಡಿದವರಲ್ಲ. ಆದರೂ ಮ್ಯಾಟ್ ಹ್ಯೂಸ್, ಜಾಶ್ ಕಾಸ್ಚೆಕ್, ಜಾನ್ ಫಿಚ್ ಮುಂತಾದ, ಹುಟ್ಟಾ ಕುಸ್ತಿಪಟುಗಳೆನ್ನಬಹುದಾದವರನ್ನು ಇವರು ಮತ್ತೆ ಮತ್ತೆ ನೆಲಕ್ಕೆ ಹಾಕುತ್ತಾರೆ. ನಮ್ಮ ಕಡೆ, ಗರಡಿಯ ಮಣ್ಣಿನಲ್ಲಿ ವರ್ಷಗಟ್ಟಲೆ ಹೊರಳಾಡದವನೊಬ್ಬ ಪಳಗಿದ ಪೈಲ್ವಾನನನ್ನು ಕೆಡವಿದನೆಂದರೆ ಯಾರೂ ನಂಬುವುದಿಲ್ಲ. ಇದು ಬರೀ ದೇಹಬಲವೇ ಅಥವಾ ನನ್ನ ಕಣ್ಣಿಗೆ ಬೀಳದ ಬೇರೊಂದು ಪಟ್ಟು ಇದರಲ್ಲಿದೆಯೇ?

ಎರಡನೆಯದು, 2009ರ ನಂತರದ ಗೆಲುವುಗಳ ಬಗ್ಗೆ. ಹೆಚ್ಚುಕಡಿಮೆ ಎಲ್ಲವೂ ತೀರ್ಪುಗಾರರ ಅಂಕಗಳ ಮೇಲೆಯೇ ಬಂದಿವೆ. ಇವರು ಅಪಾಯಕ್ಕೆ ಹೆದರಿ ಅಂಕ ಕೂಡಿಸಿಕೊಂಡು ಗೆದ್ದವರು ಎಂದು ನನ್ನ ಗೆಳೆಯರು ವಾದಿಸುತ್ತಾರೆ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಐದನೇ ಸುತ್ತು:

ಗರಡಿಹಾದಿಯವರೇ, ನಿಮ್ಮ ಮೊದಲನೆಯ ಪ್ರಶ್ನೆಗೆ ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ಮನುಷ್ಯನ ವೃತ್ತಿಜೀವನದ ಸಾರವೆಲ್ಲ ಆ ಪ್ರಶ್ನೆಯಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ಪಂದ್ಯ ಮುಗಿಯಿತು. ಎಂಎಂಎಯಲ್ಲಿ ಅಲ್ಲಿಂದ ಕೆಲಸ ಶುರುವಾಗುತ್ತದೆ. ಆದರೆ ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಕೆಡವುವುದಕ್ಕಿಂತ ಮುಂಚಿನದು. ಕುಸ್ತಿಯಲ್ಲಿ ಇಬ್ಬರೂ ಬಾಗಿ ನಿಂತು, ಕೈ ಕೈ ಹಿಡಿದು, ಕತ್ತಿನ ಮೇಲೆ ಕೈಯಿಟ್ಟು, ಪರಸ್ಪರರ ತೂಕವನ್ನು ಅಳೆಯುತ್ತ ಪಟ್ಟಿಗೆ ದಾರಿ ಹುಡುಕುತ್ತಾರೆ. ಅಂತರವೆಂಬುದು ಅಲ್ಲಿ ಬಹುತೇಕ ಇರುವುದೇ ಇಲ್ಲ. ಗುದ್ದು ಮತ್ತು ಒದೆಗಳಿಗೆ ಅವಕಾಶವಿರುವ ಪಂದ್ಯದಲ್ಲಿ ಇಬ್ಬರೂ ನೆಟ್ಟಗೆ ನಿಂತಿರುತ್ತಾರೆ, ಇಬ್ಬರ ನಡುವೆ ಕಾಲು ಚಾಚಿದಷ್ಟು ದೂರವಿರುತ್ತದೆ, ಮತ್ತು ಆ ದೂರವನ್ನು ದಾಟುವಾಗ ಮುಖಕ್ಕೆ ಮೊಣಕಾಲು ಬೀಳುವ ಸಾಧ್ಯತೆ ಸದಾ ಇರುತ್ತದೆ. ಕಾಲೇಜು ಕುಸ್ತಿಯಲ್ಲಿ ಪದಕ ಗೆದ್ದವರಿಗೆ ಎದುರಾಳಿಯನ್ನು ಹಿಡಿದ ಮೇಲೆ ಏನು ಮಾಡಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಈ ದೂರವನ್ನು ದಾಟುವ ವಿದ್ಯೆಯನ್ನು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ. ಸೇಂಟ್-ಪಿಯರ್ ಅವರ ಕರಾಟೆ ಬೇರೆಯವರಿಗಿಂತ ಅವರನ್ನು ಮುಂದಿಟ್ಟದ್ದು ಇಲ್ಲಿಯೇ. ಹೆಜ್ಜೆ ಅಳೆದು, ಎದುರಾಳಿಯ ಉಸಿರು ನೋಡಿ, ಒಮ್ಮೆಲೇ ಒಳನುಗ್ಗಿ ಅಷ್ಟೇ ಬೇಗ ಹೊರಬರುವುದು ಅವರಿಗೆ ಬಾಲ್ಯದಿಂದ ಬಂದ ಅಭ್ಯಾಸ.

ಈಗ ಅವರ ಜ್ಯಾಬ್ ಗುದ್ದನ್ನು (ಮುಂದಿನ ಕೈಯಿಂದ ಹಾಕುವ ನೇರ ಗುದ್ದು) ಮತ್ತು ಎರಡೂ ಕಾಲುಗಳಿಗೆ ನುಗ್ಗುವ ಡಬಲ್ ಲೆಗ್ ಪಟ್ಟನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಎರಡಕ್ಕೂ ಮೊದಲ ಹೆಜ್ಜೆ ಒಂದೇ. ಭುಜ ಅಲುಗುವ ರೀತಿ ಒಂದೇ. ಎದುರಾಳಿಗೆ ಬರುತ್ತಿರುವುದು ಮುಖಕ್ಕೋ ಕಾಲಿಗೋ ಎನ್ನುವುದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಕಾಲು ಕಾಯ್ದುಕೊಳ್ಳಲು ಕೈ ಇಳಿಸಿದರೆ ಮುಖಕ್ಕೆ ಜ್ಯಾಬ್ ಬೀಳುತ್ತದೆ, ಮುಖ ಕಾಯ್ದುಕೊಳ್ಳಲು ಕೈ ಎತ್ತಿದರೆ ಸೊಂಟದ ಕೆಳಗೆ ದಾರಿ ತೆರೆಯುತ್ತದೆ. ಇದಲ್ಲದೆ ಎದುರಾಳಿ ತಾನೇ ಗುದ್ದಲು ಮುಂದಡಿಯಿಟ್ಟ ಕ್ಷಣದಲ್ಲಿ ಆ ತೋಳಿನ ಕೆಳಗೆ ತೂರಿ ಕಾಲಿಗೆ ಕೈಹಾಕುವುದನ್ನೂ ಅವರು ಪಳಗಿಸಿಕೊಂಡಿದ್ದರು. ಮುಂದಡಿಯಿಟ್ಟವನ ತೂಕ ಮುಂಗಾಲಿನ ಮೇಲಿರುವುದರಿಂದ ಹಿಂದಕ್ಕೆ ಹಾರಿ ತಪ್ಪಿಸಿಕೊಳ್ಳಲು ಅವನಿಗೆ ಆಗುವುದಿಲ್ಲ. ಬಲವಂತೂ ಇತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಲವೊಂದೇ ಕಾರಣವಾಗಿದ್ದರೆ, ಬಲದಲ್ಲಿ ಯಾರಿಗೂ ಕಡಿಮೆಯಿಲ್ಲದ ಹ್ಯೂಸ್ ಅವರಾಗಲಿ ಶಾನ್ ಶೆರ್ಕ್ ಅವರಾಗಲಿ ಹಾಗೆ ಬೀಳುತ್ತಿರಲಿಲ್ಲ.

ಕುಸ್ತಿಯನ್ನು ಅವರು ಕಲಿಯಲೇ ಇಲ್ಲವೆಂದು ಇದರ ಅರ್ಥವಲ್ಲ. ತಡವಾಗಿ ಕಲಿತರು, ಆದರೆ ಸರಿಯಾದ ಜಾಗದಲ್ಲಿ ಕಲಿತರು. ಮಾಂಟ್ರಿಯಲ್‌ನಲ್ಲಿ ವಿಕ್ಟರ್ ಜಿಲ್ಬರ್‌ಮನ್ ಎಂಬ ತರಬೇತುದಾರರ ಬಳಿ, ಕೆನಡಾದ ರಾಷ್ಟ್ರೀಯ ತಂಡದ ಕುಸ್ತಿಪಟುಗಳ ಜೊತೆ, ಸೋಲುತ್ತ ಸೋಲುತ್ತ ಕಲಿತರು. ಬ್ರೆಜಿಲಿಯನ್ ಜಿಯು-ಜಿತ್ಸುಗಾಗಿ ಮಾಂಟ್ರಿಯಲ್‌ನಿಂದ ಬಸ್ಸು ಹಿಡಿದು ನ್ಯೂಯಾರ್ಕಿಗೆ ಹೋಗಿ ಜಾನ್ ಡ್ಯಾನಹರ್ ಅವರಲ್ಲಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಆ ದಿನಗಳಲ್ಲಿ ಕಸ ಸಾಗಿಸುವ ಕೆಲಸವನ್ನೂ ರಾತ್ರಿ ಕ್ಲಬ್ಬಿನ ಬಾಗಿಲು ಕಾಯುವ ಕೆಲಸವನ್ನೂ ಮಾಡಿ ಖರ್ಚು ಹೊಂದಿಸಿಕೊಂಡವರು. ಆಮೇಲೆ ಮಾಂಟ್ರಿಯಲ್‌ನ ಟ್ರೈಸ್ಟಾರ್ ಜಿಮ್‌ನ ಫಿರಾಸ್ ಜಹಾಬಿ ಮುಖ್ಯ ತರಬೇತುದಾರರಾದರು, ಆಲ್ಬುಕರ್ಕಿಯ ಗ್ರೆಗ್ ಜ್ಯಾಕ್ಸನ್ ಪಂದ್ಯದ ಯೋಜನೆ ಹೆಣೆದರು, ಬಾಕ್ಸಿಂಗಿಗೆ ಫ್ರೆಡ್ಡಿ ರೋಚ್ ಅವರ ನೆರವು ಸಿಕ್ಕಿತು. ಒಂದೊಂದು ವಿದ್ಯೆಯನ್ನು ಆ ವಿದ್ಯೆಯಲ್ಲಿ ತನಗಿಂತ ಮೇಲಿನವರ ಮನೆಬಾಗಿಲಿಗೇ ಹೋಗಿ ಕಲಿಯುವ ಈ ಕ್ರಮ ಇಂದು ಸಾಮಾನ್ಯವಾಗಿದೆ. ಅಂದು ಬಹಳ ಜನ ಒಂದೇ ಜಿಮ್ಮಿನಲ್ಲಿ, ಒಂದೇ ಗುಂಪಿನ ಜೊತೆ ವರ್ಷವಿಡೀ ಗುದ್ದಾಡುತ್ತಿದ್ದರು.

ಹ್ಯೂಸ್ ಅವರ ಜೊತೆಗಿನ ಮೂರು ಪಂದ್ಯಗಳನ್ನು ಬಿಡದೆ ಒಟ್ಟಿಗೆ ನೋಡಬೇಕೆಂದು ನನ್ನ ಸಲಹೆ. 2004ರ ಅಕ್ಟೋಬರ್‌ನಲ್ಲಿ, ಖಾಲಿಯಿದ್ದ ವೆಲ್ಟರ್‌ವೇಟ್ (77 ಕಿಲೋ ವರ್ಗದ) ಪಟ್ಟಕ್ಕಾಗಿ ನಡೆದ ಮೊದಲನೆಯ ಪಂದ್ಯದಲ್ಲಿ, 23 ವರ್ಷದ ಸೇಂಟ್-ಪಿಯರ್ ತಾನು ಆರಾಧಿಸುತ್ತಿದ್ದ ವ್ಯಕ್ತಿಯ ಕಣ್ಣಿಗೆ ಕಣ್ಣಿಟ್ಟು ನೋಡಲಾರದೆ ನಿಂತಿದ್ದರು. ಅದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹ್ಯೂಸ್ ಅವರ ತೋಳು ತಿರುಚಲು ಕಿಮುರಾ ಪಟ್ಟು ಹಾಕಹೋಗಿ, ಅದೇ ಹಿಡಿತವನ್ನು ದಾಟಿ ಬಂದ ಹ್ಯೂಸ್ ಅವರ ಆರ್ಮ್‌ಬಾರ್‌ಗೆ (ತೋಳನ್ನು ನೇರ ಚಾಚಿಸಿ ಮೊಣಕೈಯನ್ನು ಹಿಂದಕ್ಕೆ ಒತ್ತುವ ಪಟ್ಟು) ಸಿಕ್ಕಿ, ಮೊದಲ ಸುತ್ತು ಮುಗಿಯಲು ಒಂದು ಸೆಕೆಂಡ್ ಇರುವಾಗ ಸೋಲೊಪ್ಪಿಕೊಂಡರು. 2006ರ ನವೆಂಬರ್‌ನ ಎರಡನೆಯ ಪಂದ್ಯದಲ್ಲಿ ಹ್ಯೂಸ್ ಅವರನ್ನು ಒಂದು ಸಲವೂ ಹತ್ತಿರಕ್ಕೆ ಬಿಟ್ಟುಕೊಳ್ಳದೆ, ತಲೆಗೆ ಬಿದ್ದ ಎಡಗಾಲಿನ ಒದೆಯಿಂದ ಎರಡನೆಯ ಸುತ್ತಿನಲ್ಲಿ ಮುಗಿಸಿ ಪಟ್ಟ ಗೆದ್ದರು. 2007ರ ಡಿಸೆಂಬರ್‌ನ ಮೂರನೆಯ ಪಂದ್ಯಕ್ಕೆ ಸೇಂಟ್-ಪಿಯರ್ ಗಾಯಗೊಂಡ ಮ್ಯಾಟ್ ಸೆರಾ ಅವರ ಬದಲಿಗೆ, ಕಡಿಮೆ ಅವಧಿಯ ಸಿದ್ಧತೆಯಲ್ಲಿ ಬಂದವರು. ಅಲ್ಲಿ ಹ್ಯೂಸ್ ಅವರನ್ನು ಅವರದೇ ಕುಸ್ತಿಯಲ್ಲಿ ಕೆಡವಿದರು, ಎರಡನೆಯ ಸುತ್ತಿನ ಕೊನೆಯ ಕ್ಷಣಗಳಲ್ಲಿ ಕಿಮುರಾಕ್ಕೆ ಕೈಹಾಕಿ ಅದನ್ನೇ ಆರ್ಮ್‌ಬಾರ್ ಆಗಿ ನೇರಗೊಳಿಸಿದರು. ಹ್ಯೂಸ್ ಅವರಿಗೆ ತಟ್ಟಲು ಕೈ ಬಿಡುವಿರಲಿಲ್ಲ, ಬಾಯಿಮಾತಿನಲ್ಲಿ ಸೋಲೊಪ್ಪಿಕೊಂಡರು. ಮೂರು ವರ್ಷಗಳ ಹಿಂದೆ ತನ್ನನ್ನು ಸೋಲಿಸಿದ ಪಟ್ಟನ್ನೇ, ಹೆಚ್ಚುಕಡಿಮೆ ಸುತ್ತಿನ ಅದೇ ಹೊತ್ತಿಗೆ, ಸೋಲಿಸಿದವನ ಮೇಲೆಯೇ ಹಾಕಿ ತೋರಿಸಿದ ಉದಾಹರಣೆ ನನಗಂತೂ ಬೇರೆ ನೆನಪಿಲ್ಲ.

ನೇರನುಡಿ:

ಐದನೇ ಸುತ್ತು ಅವರು ತಾಂತ್ರಿಕ ವಿಷಯವನ್ನು ಸೊಗಸಾಗಿ ವಿವರಿಸಿದ್ದಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯ ಪ್ರಶ್ನೆಯನ್ನು ಮಾತ್ರ ಅವರು ಮುಟ್ಟಲಿಲ್ಲ ಎನ್ನುವುದನ್ನು ಗಮನಿಸಿದ್ದೇನೆ.

ಲೆಕ್ಕ ಹೀಗಿದೆ. 2009ರ ಜನವರಿಯಲ್ಲಿ ಬಿ.ಜೆ. ಪೆನ್ ಅವರ ಎದುರಿನ ಎರಡನೆಯ ಪಂದ್ಯ ನಾಲ್ಕು ಸುತ್ತುಗಳಿಗೆ ನಿಂತುಹೋಯಿತು. ಅಲ್ಲಿಂದ ಮುಂದೆ ಟಿಯಾಗೊ ಅಲ್ವೆಸ್, ಡ್ಯಾನ್ ಹಾರ್ಡಿ, ಕಾಸ್ಚೆಕ್, ಜೇಕ್ ಶೀಲ್ಡ್ಸ್, ಕಾರ್ಲೊಸ್ ಕಾಂಡಿಟ್, ನಿಕ್ ಡಿಯಾಜ್, ಜಾನಿ ಹೆಂಡ್ರಿಕ್ಸ್ ಎಂಬ ಏಳು ಜನರ ಎದುರು ಏಳೂ ಪಂದ್ಯಗಳು ಇಪ್ಪತ್ತೈದು ನಿಮಿಷ ಪೂರ್ತಿ ನಡೆದು ಅಂಕಗಳ ಮೇಲೆ ತೀರ್ಮಾನವಾದವು. ವಿಶ್ವದ ಶ್ರೇಷ್ಠ ಸ್ಪರ್ಧಿ ಎಂದು ಹೊಗಳಿಸಿಕೊಳ್ಳುವವರು ಐದು ವರ್ಷಗಳ ಕಾಲ ಒಬ್ಬನನ್ನೂ ಪೂರ್ತಿಯಾಗಿ ಮಣಿಸಲಿಲ್ಲವೆಂದರೆ ಪ್ರೇಕ್ಷಕರು ಪ್ರಶ್ನೆ ಕೇಳುವುದು ಸಹಜ. ಅದರಲ್ಲಿ ಕೊನೆಯದಾದ ಹೆಂಡ್ರಿಕ್ಸ್ ಪಂದ್ಯವನ್ನು ಅವರು ಸೋತಿದ್ದರೆಂಬುದೇ ನನ್ನ ಅಭಿಪ್ರಾಯ. 2013ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಮೂವರು ತೀರ್ಪುಗಾರರಲ್ಲಿ ಇಬ್ಬರು 48–47 ಎಂದು ಸೇಂಟ್-ಪಿಯರ್ ಅವರಿಗೂ, ಒಬ್ಬರು ಅಷ್ಟೇ ಅಂಕಗಳಿಂದ ಹೆಂಡ್ರಿಕ್ಸ್ ಅವರಿಗೂ ಕೊಟ್ಟರು. ಎಲ್ಲವೂ ಮೊದಲನೆಯ ಸುತ್ತಿನ ಮೇಲೆ ನಿಂತಿತ್ತು. ಪಂದ್ಯ ನೋಡಿ ಅಂಕ ಬರೆದ ಪತ್ರಕರ್ತರಲ್ಲಿ ಹೆಚ್ಚಿನವರು ಹೆಂಡ್ರಿಕ್ಸ್ ಗೆದ್ದರೆಂದೇ ಬರೆದರು, ಈ ಪಂದ್ಯಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ ಮುಖ್ಯಸ್ಥ ಡೇನಾ ವೈಟ್ ತಮ್ಮದೇ ಸಂಸ್ಥೆಯ ದೊಡ್ಡ ತಾರೆ ಗೆದ್ದ ರಾತ್ರಿ ತೀರ್ಪಿನ ಮೇಲೆ ಬಹಿರಂಗವಾಗಿ ಹರಿಹಾಯ್ದರು. ಗೆದ್ದವರ ಮುಖ ಒಡೆದು ಊದಿಕೊಂಡಿತ್ತು, ಸೋತವರ ಮುಖದಲ್ಲಿ ಅಷ್ಟು ಗುರುತಿರಲಿಲ್ಲ. ಮುಖ ನೋಡಿ ಅಂಕ ಕೊಡುವುದಿಲ್ಲವೆಂದು ನನಗೂ ಗೊತ್ತು, ಆದರೂ ಹೇಳದಿರಲು ಮನಸ್ಸಾಗುವುದಿಲ್ಲ.

ಸರೋವರದಾಚೆ (ಟೊರೊಂಟೊ):

ನೇರನುಡಿಯವರ ಲೆಕ್ಕ ಸರಿ. ಆ ಲೆಕ್ಕದಿಂದ ಅವರು ಎಳೆದ ತೀರ್ಮಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

ಆ ಏಳು ಪಂದ್ಯಗಳನ್ನು ಒಂದೇ ಹಗ್ಗದಲ್ಲಿ ಕಟ್ಟುವುದು ನ್ಯಾಯವಲ್ಲ. ಅಲ್ವೆಸ್ ಅವರ ಎದುರು, 2009ರ ಜುಲೈನಲ್ಲಿ, ಪಂದ್ಯದ ನಡುವೆಯೇ ತೊಡೆಸಂದಿನ ಸ್ನಾಯು ಹರಿದುಹೋಯಿತು. ಸುತ್ತಿನ ಬಿಡುವಿನಲ್ಲಿ ಅದನ್ನು ಹೇಳಿದಾಗ ಗ್ರೆಗ್ ಜ್ಯಾಕ್ಸನ್ ಅವರು ಹರಿದ ಸ್ನಾಯುವಿನಿಂದಲೇ ಹೊಡೆ ಎಂಬರ್ಥದಲ್ಲಿ ಗದರಿ ಕಳಿಸಿದ ಮಾತು ಇಂದಿಗೂ ಅಭಿಮಾನಿಗಳ ಬಾಯಲ್ಲಿದೆ. ಹರಿದ ಸ್ನಾಯುವಿನೊಂದಿಗೆ, ತಮಗಿಂತ ದಪ್ಪನೆಯ ಎದುರಾಳಿಯನ್ನು ಅವರು ಅದರ ನಂತರವೂ ಕೆಡವಿದರು. ಹಾರ್ಡಿ ಅವರ ತೋಳು ಎರಡು ಸಲ ಅಸಹಜವಾದ ಕೋನಕ್ಕೆ ತಿರುಗಿತ್ತು; ಹಾರ್ಡಿ ಸೋಲೊಪ್ಪಿಕೊಳ್ಳಲಿಲ್ಲ ಎನ್ನುವುದು ಹಾರ್ಡಿಯವರ ಹಠಕ್ಕೆ ಸಲ್ಲಬೇಕಾದದ್ದೇ ಹೊರತು ಸೇಂಟ್-ಪಿಯರ್ ಪ್ರಯತ್ನಿಸಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಕಾಸ್ಚೆಕ್ ಅವರ ಎದುರಿನ 2010ರ ಪಂದ್ಯದಲ್ಲಿ ಮೊದಲ ಸುತ್ತಿನಿಂದಲೇ ಜ್ಯಾಬ್ ಮೇಲೆ ಜ್ಯಾಬ್ ಹಾಕಿ ಬಲಗಣ್ಣಿನ ಗೂಡಿನ ಮೂಳೆಯನ್ನೇ ಮುರಿದರು. ಇದನ್ನು ಅಂಕ ಕೂಡಿಸುವುದು ಎಂದು ಕರೆಯುವವರು ಕಾಸ್ಚೆಕ್ ಅವರನ್ನು ಕೇಳಬೇಕು.

ಶೀಲ್ಡ್ಸ್ ಪಂದ್ಯದ ಮಟ್ಟಿಗೆ ನಾನು ನಿಮ್ಮ ಪಕ್ಷಕ್ಕೇ ಬರುತ್ತೇನೆ. ಒಂಟಾರಿಯೊ ಪ್ರಾಂತ್ಯ ಎಂಎಂಎಗೆ ಅನುಮತಿ ಕೊಟ್ಟ ನಂತರ ಇಲ್ಲಿ ನಡೆದ ಮೊದಲ ಯುಎಫ್‌ಸಿ ಅದು, 2011ರ ಏಪ್ರಿಲ್ 30ರಂದು, ರೋಜರ್ಸ್ ಸೆಂಟರ್ ಕ್ರೀಡಾಂಗಣದಲ್ಲಿ. 55,724 ಜನ ಸೇರಿದ್ದರು. ನಾನು ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿದ್ದೆ, ಅಲ್ಲಿಂದ ಪಂಜರ ಒಂದು ಬೆಂಕಿಪೆಟ್ಟಿಗೆಯಷ್ಟೇ ಕಾಣುತ್ತಿತ್ತು, ಪಂದ್ಯವನ್ನು ನೋಡಿದ್ದೆಲ್ಲ ದೊಡ್ಡ ಪರದೆಯ ಮೇಲೆಯೇ. ಮುಖ್ಯ ಪಂದ್ಯ ಬರುವ ಹೊತ್ತಿಗೆ ಗಂಟಲು ಕಟ್ಟುವಷ್ಟು ಕೂಗಿದ್ದ ಜನ ಮೂರನೆಯ ಸುತ್ತಿನ ನಂತರ ಮೌನವಾದರು, ಕೆಲವರು ಗೇಲಿಯನ್ನೂ ಮಾಡಿದರು. ಎಡಗಣ್ಣಿಗೆ ಪೆಟ್ಟು ಬಿದ್ದು ಸೇಂಟ್-ಪಿಯರ್ ಅವರಿಗೆ ಆ ಕಣ್ಣಿನಿಂದ ಸರಿಯಾಗಿ ಕಾಣುತ್ತಿರಲಿಲ್ಲವೆಂಬುದು ಮೇಲೆ ಕುಳಿತ ನಮಗೆ ಹೇಗೆ ತಿಳಿಯಬೇಕು? ಆದರೂ ಅದು ನೀರಸ ಪಂದ್ಯವೇ. ಇಬ್ಬರು ತೀರ್ಪುಗಾರರು 48–47 ಎಂದು ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕಾಂಡಿಟ್ ಅವರ ಎದುರಿನ 2012ರ ನವೆಂಬರ್‌ನ ಪಂದ್ಯವನ್ನು ಆ ಪಟ್ಟಿಯಲ್ಲಿ ಸೇರಿಸಿದ್ದು ನನಗೆ ಹಿಡಿಸಲಿಲ್ಲ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು, ಶಸ್ತ್ರಚಿಕಿತ್ಸೆಯಾಗಿ, ಒಂದೂವರೆ ವರ್ಷ ಪಂದ್ಯವಿಲ್ಲದೆ ಕುಳಿತಿದ್ದವರು ಮಾಂಟ್ರಿಯಲ್‌ನ ತಮ್ಮ ಜನರ ಎದುರು ಮರಳಿ ಬಂದದ್ದು ಅಂದು. ಮೂರನೆಯ ಸುತ್ತಿನಲ್ಲಿ ಕಾಂಡಿಟ್ ಅವರ ಎಡಗಾಲಿನ ಒದೆ ತಲೆಗೆ ಬಿದ್ದು ಅವರು ಕುಸಿದರು. ಕೆಳಗೆ ಬಿದ್ದು, ಮೇಲಿನಿಂದ ಗುದ್ದುಗಳು ಬೀಳುತ್ತಿರುವಾಗ, ಚೇತರಿಸಿಕೊಂಡು, ಎದ್ದು, ಅದೇ ಸುತ್ತು ಮುಗಿಯುವ ಮೊದಲು ಮತ್ತೆ ಕಾಂಡಿಟ್ ಅವರನ್ನೇ ಕೆಡವಿದರು. ಹೆದರುವವನ ಪಂದ್ಯ ಹಾಗಿರುವುದಿಲ್ಲ.

ನನ್ನ ಎಣಿಕೆಯಲ್ಲಿ ಈ ಎಚ್ಚರಿಕೆಗೆ ಕಾರಣ ಹುಡುಕಬೇಕಾದದ್ದು 2007ರ ಏಪ್ರಿಲ್ 7ರ ಹ್ಯೂಸ್ಟನ್‌ನಲ್ಲಿ. ದೂರದರ್ಶನದ ಸ್ಪರ್ಧೆಯೊಂದನ್ನು ಗೆದ್ದ ಬಹುಮಾನವಾಗಿ ಪಟ್ಟದ ಪಂದ್ಯ ಪಡೆದಿದ್ದ ಮ್ಯಾಟ್ ಸೆರಾ ಅವರನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಕಿವಿಯ ಹಿಂದೆ ಬಿದ್ದ ಒಂದು ಬಲಗೈ ಗುದ್ದು ಸೇಂಟ್-ಪಿಯರ್ ಅವರ ಕಾಲು ತಪ್ಪಿಸಿತು. ಮೊದಲ ಸುತ್ತು ಮುಗಿಯುವ ಮೊದಲೇ ಅವರು ಸೋಲೊಪ್ಪಿಕೊಂಡು ನೆಲ ತಟ್ಟಿದ್ದರು. ಈ ಕ್ರೀಡೆಯ ಅತಿ ದೊಡ್ಡ ಅನಿರೀಕ್ಷಿತ ಸೋಲೆಂದು ಅದನ್ನು ಇಂದಿಗೂ ಎಣಿಸುತ್ತಾರೆ. ಆಮೇಲೆ ಅವರು ಕ್ರೀಡಾ ಮನೋವಿಜ್ಞಾನಿಯೊಬ್ಬರ ಸಲಹೆ ಪಡೆದು, ಸೆರಾ ಎಂದು ಹೆಸರು ಬರೆದ ಇಟ್ಟಿಗೆಯೊಂದನ್ನು ಹೊತ್ತು ತಿರುಗಿ, ಕೊನೆಗೆ ಅದನ್ನು ನದಿಗೆ ಎಸೆದ ಕಥೆ ಪ್ರಸಿದ್ಧವಾಗಿದೆ. ಒಂದು ವರ್ಷದ ನಂತರ ಮಾಂಟ್ರಿಯಲ್‌ನಲ್ಲಿ, ಕೆನಡಾದಲ್ಲಿ ನಡೆದ ಮೊಟ್ಟಮೊದಲ ಯುಎಫ್‌ಸಿಯಲ್ಲಿ, ಸೆರಾ ಅವರನ್ನು ಮೊದಲ ಕ್ಷಣದಲ್ಲೇ ನೆಲಕ್ಕೆ ಹಾಕಿ ಎರಡನೆಯ ಸುತ್ತಿನಲ್ಲಿ ಮೊಣಕಾಲಿನ ಹೊಡೆತಗಳಿಂದ ಮುಗಿಸಿದರು. ಗಮನಿಸಿ, ಗುದ್ದಿಗೆ ಗುದ್ದು ಕೊಟ್ಟು ಸೇಡು ತೀರಿಸಿಕೊಳ್ಳುವ ಆಸೆಗೆ ಅವರು ಬೀಳಲಿಲ್ಲ. ಅಲ್ಲಿಂದ ಮುಂದೆ ಎದುರಾಳಿ ಎಲ್ಲಿ ಅತಿ ದುರ್ಬಲನೋ ಅಲ್ಲಿಯೇ ಪಂದ್ಯವನ್ನು ನಡೆಸುವುದೇ ಅವರ ಸೂತ್ರವಾಯಿತು.

ಗರಡಿಹಾದಿ (ಮೈಸೂರು):

ಮೂವರಿಗೂ ಧನ್ಯವಾದಗಳು. ಜ್ಯಾಬ್ ಮತ್ತು ಡಬಲ್ ಲೆಗ್‌ಗಳ ಮೊದಲ ಹೆಜ್ಜೆ ಒಂದೇ ಎಂಬ ಮಾತನ್ನು ಓದಿದ ಮೇಲೆ ಫಿಚ್ ಪಂದ್ಯವನ್ನು ನಿಧಾನಗತಿಯಲ್ಲಿ ಮತ್ತೆ ನೋಡಿದೆ. ಮೊದಲ ಬಾರಿ ಪೂರ್ತಿಯಾಗಿ ತಪ್ಪಿಹೋಗಿದ್ದದ್ದು ಈಗ ಕಣ್ಣಿಗೆ ರಾಚುವಂತೆ ಕಾಣುತ್ತದೆ.

ಇನ್ನೊಂದು ಸಂದೇಹ ಉಳಿದಿದೆ. ಪೆನ್ ಅವರ ಜೊತೆಗಿನ ಎರಡನೆಯ ಪಂದ್ಯದಲ್ಲಿ ಮೈಗೆ ವ್ಯಾಸಲಿನ್ ಹಚ್ಚಿಕೊಂಡು ಹಿಡಿತಕ್ಕೆ ಸಿಗದೆ ಜಾರಿದರು ಎಂಬ ಆರೋಪವನ್ನು ಓದಿದೆ. ಅದರಲ್ಲಿ ಹುರುಳಿದೆಯೇ? ಹಾಗೆಯೇ ಹೆಂಡ್ರಿಕ್ಸ್ ಪಂದ್ಯದ ನಂತರ ಪಟ್ಟವನ್ನು ತಾವಾಗಿಯೇ ಬಿಟ್ಟುಕೊಟ್ಟದ್ದೇಕೆ, ನಾಲ್ಕು ವರ್ಷಗಳ ನಂತರ ಬಂದದ್ದೇಕೆ?

ಐದನೇ ಸುತ್ತು:

ವ್ಯಾಸಲಿನ್ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಮುಖದ ಚರ್ಮ ಸೀಳದಿರಲೆಂದು ಸ್ಪರ್ಧಿಗಳ ಮುಖಕ್ಕೆ ಅದನ್ನು ಹಚ್ಚುವುದಕ್ಕೆ ಅವಕಾಶವಿದೆ. ಸುತ್ತುಗಳ ಬಿಡುವಿನಲ್ಲಿ ಮುಖಕ್ಕೆ ಹಚ್ಚಿದವರು ಅದೇ ಕೈಯಿಂದ ಸೇಂಟ್-ಪಿಯರ್ ಅವರ ಬೆನ್ನು, ಭುಜ ಸವರಿದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು, ಅಧಿಕಾರಿಗಳು ಬಂದು ಒರೆಸಿದರು. ಪೆನ್ ಅವರು ನೆವಾಡಾದ ಕ್ರೀಡಾ ಆಯೋಗಕ್ಕೆ ದೂರು ಕೊಟ್ಟರು. ಆಯೋಗ ಸೇಂಟ್-ಪಿಯರ್ ಅವರ ಮೇಲೆ ಕ್ರಮ ಕೈಗೊಳ್ಳಲಿಲ್ಲ, ಫಲಿತಾಂಶವೂ ಬದಲಾಗಲಿಲ್ಲ. ಕಾಲುಗಳಿಂದ ಎದುರಾಳಿಯನ್ನು ಹೆಣೆದುಕೊಳ್ಳುವುದರಲ್ಲಿ ಪೆನ್ ಅವರಷ್ಟು ನಿಪುಣರು ಕಡಿಮೆ, ಆದ್ದರಿಂದ ಜಾರಿದ ಮೈ ಅವರಿಗೆ ನಷ್ಟವೇ. ಆದರೆ ಆ ರಾತ್ರಿ ಪೆನ್ ಅವರು ಎರಡನೆಯ ಸುತ್ತಿನಿಂದಲೇ ಬಸವಳಿದಿದ್ದರು. ಅವರ ಭುಜ ಮತ್ತು ಕತ್ತಿನ ಮೇಲೆ ತೂಕ ಹೇರಿ ಹೇರಿ ಕೈಗಳ ಕಸುವು ತೆಗೆಯುವುದೇ ಯೋಜನೆಯಾಗಿತ್ತು. ನಾನು ಆ ಗೆಲುವನ್ನು ಗೆಲುವೆಂದೇ ಎಣಿಸುತ್ತೇನೆ.

ಪಟ್ಟ ಬಿಟ್ಟ ವಿಷಯಕ್ಕೆ ಬರುತ್ತೇನೆ. 2013ರ ಡಿಸೆಂಬರ್‌ನಲ್ಲಿ ಅವರು ಒಂಬತ್ತು ಸಲ ಉಳಿಸಿಕೊಂಡಿದ್ದ ಪಟ್ಟವನ್ನು ಬಿಟ್ಟುಕೊಟ್ಟರು. ನೇರನುಡಿಯವರಂಥವರು ಹೆಂಡ್ರಿಕ್ಸ್‌ಗೆ ಮರುಪಂದ್ಯ ಕೊಡಲು ಹೆದರಿ ಓಡಿದರೆಂದು ಹೇಳಬಹುದು, ಹೇಳಿದವರೂ ಇದ್ದಾರೆ. ಅವರೇ ಹೇಳಿಕೊಂಡ ಕಾರಣಗಳು ಬೇರೆ. ಗೀಳು ಮನೋರೋಗದಿಂದ ತಾವು ಬಳಲುತ್ತಿದ್ದುದಾಗಿಯೂ, ಎಚ್ಚರವಿದ್ದಷ್ಟು ಹೊತ್ತೂ ಮುಂದಿನ ಎದುರಾಳಿಯ ವಿಚಾರವೇ ತಲೆಯಲ್ಲಿ ಸುತ್ತಿ ನಿದ್ರೆ ಕೆಡುತ್ತಿತ್ತೆಂದೂ, ಪಂಜರದೊಳಗೆ ಕಾದಾಡುವುದನ್ನು ತಾವು ಎಂದೂ ಪ್ರೀತಿಸಲಿಲ್ಲವೆಂದೂ ಅವರು ಹಲವು ಸಂದರ್ಶನಗಳಲ್ಲಿ ಬಿಚ್ಚಿ ಹೇಳಿದ್ದಾರೆ. ಇನ್ನೊಂದು ಕಾರಣ ಉದ್ದೀಪನ ಮದ್ದು. ಹೆಂಡ್ರಿಕ್ಸ್ ಪಂದ್ಯಕ್ಕೆ ಮುಂಚೆ ಸ್ವತಂತ್ರ ಸಂಸ್ಥೆಯೊಂದರ ಪರೀಕ್ಷೆಗೆ ತಾವಾಗಿಯೇ ಒಳಗಾಗಿ, ಎದುರಾಳಿಯೂ ಒಳಗಾಗಲೆಂದು ಕೇಳಿದ್ದರು; ಅದು ನೆರವೇರಲಿಲ್ಲ, ಯುಎಫ್‌ಸಿಯ ಬೆಂಬಲವೂ ಸಿಗಲಿಲ್ಲ. ಆ ಕಹಿ ಅವರಲ್ಲಿ ಉಳಿಯಿತು. ವರ್ಷವಿಡೀ ಯಾವ ಹೊತ್ತಿನಲ್ಲಾದರೂ ಬಂದು ಮಾದರಿ ಪಡೆಯುವ ಪರೀಕ್ಷಾ ವ್ಯವಸ್ಥೆಯನ್ನು ಯುಎಫ್‌ಸಿ 2015ರಲ್ಲಿ ಜಾರಿಗೆ ತಂದಿತು. ಅದಕ್ಕೆ ಮುಂಚೆಯೇ ಅದನ್ನು ಕೇಳಿದ ಚಾಂಪಿಯನ್‌ಗೆ ದೊರೆತದ್ದು ಕಸಿವಿಸಿಯ ಉತ್ತರ ಮಾತ್ರ.

2014ರ ಆರಂಭದಲ್ಲಿ ಇನ್ನೊಂದು ಮೊಣಕಾಲಿನ ಎಸಿಎಲ್ ಕೂಡ ಹರಿಯಿತು. 2016ರಲ್ಲಿ ಸ್ಪರ್ಧಿಗಳ ಹಕ್ಕಿಗಾಗಿ ಕೆಲವು ಸಹ ಸ್ಪರ್ಧಿಗಳ ಜೊತೆ ಸಂಘವೊಂದನ್ನು ಕಟ್ಟಲು ವೇದಿಕೆಯೇರಿದರು. ಆ ಸಂಘ ಬೇಗನೆ ಸದ್ದಡಗಿತು, ಅವರೂ ಮರುವರ್ಷವೇ ಯುಎಫ್‌ಸಿಯ ಒಪ್ಪಂದಕ್ಕೆ ಸಹಿ ಹಾಕಿದರು. ಇಲ್ಲಿ ನನಗೆ ಅವರ ಮೇಲೆ ಸ್ವಲ್ಪ ಅಸಮಾಧಾನವಿದೆ, ಏಕೆಂದರೆ ಸಂಸ್ಥೆಯ ಎದುರು ನಿಂತರೂ ನಷ್ಟವಾಗದಷ್ಟು ಹಣ ಮತ್ತು ಹೆಸರು ಇದ್ದ ಬೆರಳೆಣಿಕೆಯ ಜನರಲ್ಲಿ ಅವರೊಬ್ಬರು.

2017ರ ನವೆಂಬರ್ 4ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, 77 ಕಿಲೋ ವರ್ಗ ಬಿಟ್ಟು 84 ಕಿಲೋ ವರ್ಗದಲ್ಲಿ ಅಲ್ಲಿನ ಚಾಂಪಿಯನ್ ಮೈಕಲ್ ಬಿಸ್ಪಿಂಗ್ ಅವರನ್ನು ಎದುರಿಸಿದರು. ಆ ವರ್ಗದಲ್ಲಿ ಸೇಂಟ್-ಪಿಯರ್ ಅವರಿಗಿಂತ ಅರ್ಹರಾದ ಸವಾಲುಗಾರರು ಸಾಲಿನಲ್ಲಿದ್ದರು, ಅವರನ್ನು ದಾಟಿಸಿ ಇವರಿಗೆ ಪಂದ್ಯ ಕೊಟ್ಟದ್ದು ವ್ಯಾಪಾರ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪಂದ್ಯ ಮಾತ್ರ ಕಣ್ಣಿಗೆ ಹಬ್ಬ. ಕೆಳಗಿನಿಂದ ಬಿಸ್ಪಿಂಗ್ ಹಾಕಿದ ಮೊಣಕೈ ಏಟುಗಳಿಂದ ಮುಖವೆಲ್ಲ ರಕ್ತವಾಗಿದ್ದರೂ, ಮೂರನೆಯ ಸುತ್ತಿನಲ್ಲಿ ಎಡಗೈ ಹುಕ್ ಒಂದರಿಂದ ಬಿಸ್ಪಿಂಗ್ ಅವರನ್ನು ಉರುಳಿಸಿ, ಬೆನ್ನಿಗೆ ಹತ್ತಿ ಕತ್ತು ಬಿಗಿದರು. ಬಿಸ್ಪಿಂಗ್ ನೆಲ ತಟ್ಟದೆ ಪ್ರಜ್ಞೆ ತಪ್ಪಿದರು. ಹೀಗೆ ಯುಎಫ್‌ಸಿಯಲ್ಲಿ ಎರಡು ತೂಕದ ವರ್ಗಗಳಲ್ಲಿ ಪಟ್ಟ ಗೆದ್ದ ನಾಲ್ಕನೆಯವರಾದರು. ನೇರನುಡಿಯವರು ಕೇಳುತ್ತಿದ್ದ ಪೂರ್ತಿ ಗೆಲುವು ಸುಮಾರು ಒಂಬತ್ತು ವರ್ಷಗಳ ನಂತರ ಸಿಕ್ಕಿತು.

ಸುಮಾರು ಒಂದು ತಿಂಗಳ ನಂತರ, ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ ಪತ್ತೆಯಾಗಿ ಆ ಪಟ್ಟವನ್ನೂ ಬಿಟ್ಟರು. ಆಮೇಲೆ ಆಗಿನ ಲೈಟ್‌ವೇಟ್ ಚಾಂಪಿಯನ್ ಹಬೀಬ್ ನುರ್ಮಾಗೊಮೆಡೊವ್ ಅವರ ಜೊತೆ ಒಂದೇ ಒಂದು ಪಂದ್ಯಕ್ಕೆ ಅವರು ಸಿದ್ಧರಿದ್ದರು, ಹಬೀಬ್ ಕೂಡ ಸಿದ್ಧರಿದ್ದರು. ಗೆದ್ದ ಮೇಲೆ ಪಟ್ಟದೊಂದಿಗೆ ಹೊರಟುಬಿಡುವ ಚಾಂಪಿಯನ್ ಸಂಸ್ಥೆಗೆ ಬೇಕಿರಲಿಲ್ಲ. 2019ರ ಫೆಬ್ರವರಿ 21ರಂದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು, 37ನೆಯ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಒಟ್ಟು 26 ಗೆಲುವು, 2 ಸೋಲು, ಎರಡೂ ಸೋಲುಗಳಿಗೆ ಮರುಪಂದ್ಯದಲ್ಲಿ ಉತ್ತರ ಕೊಟ್ಟವರು. ಕೊನೆಯ 13 ಪಂದ್ಯಗಳಲ್ಲಿ ಸೋಲಿಲ್ಲ.

ನೇರನುಡಿ:

ಹೆಂಡ್ರಿಕ್ಸ್ ಪಂದ್ಯದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಹೆದರಿ ಓಡಿದರೆಂದು ನಾನು ಬರೆದಿಲ್ಲ, ಐದನೇ ಸುತ್ತು ಅವರು ನನ್ನ ಬಾಯಿಗೆ ಆ ಮಾತು ತುರುಕುವುದು ಬೇಡ. ಮದ್ದಿನ ಪರೀಕ್ಷೆಯ ವಿಷಯದಲ್ಲಿ ಸೇಂಟ್-ಪಿಯರ್ ಅವರ ನಿಲುವನ್ನು ನಾನು ಆಗಲೂ ಗೌರವಿಸಿದ್ದೆ, ಈಗಲೂ ಗೌರವಿಸುತ್ತೇನೆ. ಕಾಂಡಿಟ್ ಪಂದ್ಯದ ಮಟ್ಟಿಗೆ ಸರೋವರದಾಚೆಯವರ ಮಾತನ್ನು ಒಪ್ಪುತ್ತೇನೆ. ಶೀಲ್ಡ್ಸ್ ಮತ್ತು ಡಿಯಾಜ್ ಪಂದ್ಯಗಳನ್ನು ಎರಡನೆಯ ಬಾರಿ ನೋಡಲು ಮಾತ್ರ ನನ್ನನ್ನು ಯಾರೂ ಒಪ್ಪಿಸಲಾರರು.

ಸರೋವರದಾಚೆ (ಟೊರೊಂಟೊ):

ಗರಡಿಹಾದಿಯವರಿಗೆ ಒಂದು ಸಣ್ಣ ಸೇರ್ಪಡೆ. ಕುಸ್ತಿಯ ದೃಷ್ಟಿಯಿಂದಲೇ ನೋಡುವುದಾದರೆ ಫಿಚ್ ಪಂದ್ಯಕ್ಕಿಂತ ಮುಂಚಿನ ಎರಡನ್ನು ಬಿಡಬೇಡಿ. ಒಂದು, 2006ರ ಮಾರ್ಚ್‌ನಲ್ಲಿ ಪೆನ್ ಅವರ ಜೊತೆಗಿನ ಮೊದಲನೆಯ ಪಂದ್ಯ: ಮೊದಲ ಸುತ್ತಿನಲ್ಲಿ ಮೂಗು ಒಡೆದು ರಕ್ತ ಸುರಿಯುತ್ತಿದ್ದಾಗ, ನಿಂತು ಗುದ್ದಾಡುವುದನ್ನು ಕೈಬಿಟ್ಟು, ಉಳಿದ ಎರಡು ಸುತ್ತುಗಳನ್ನು ಕೆಡವುವುದರಿಂದಲೇ ತಮ್ಮ ಕಡೆಗೆ ತಿರುಗಿಸಿಕೊಂಡು, ಒಬ್ಬ ತೀರ್ಪುಗಾರರ ಭಿನ್ನಮತದ ನಡುವೆ ಗೆದ್ದರು. ಇನ್ನೊಂದು, 2007ರ ಆಗಸ್ಟ್‌ನಲ್ಲಿ ಕಾಸ್ಚೆಕ್ ಅವರ ಜೊತೆಗಿನ ಮೊದಲನೆಯ ಪಂದ್ಯ. ಕಾಸ್ಚೆಕ್ 2001ರಲ್ಲಿ ಅಮೆರಿಕದ ಕಾಲೇಜು ಕುಸ್ತಿಯ ಅತ್ಯುನ್ನತ ವಿಭಾಗದಲ್ಲಿ ಚಾಂಪಿಯನ್ ಆಗಿದ್ದವರು, ಸೇಂಟ್-ಪಿಯರ್ ಸೆರಾ ಅವರೆದುರು ಸೋತು ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಹೀಗಾಗಿ ಇಬ್ಬರಿಗೂ ತಮ್ಮ ಲೆಕ್ಕವೇ ಸರಿ ಎಂದು ತೋರಿಸಬೇಕಿದ್ದ ಪಂದ್ಯವದು. ಕೈಗಳನ್ನು ಬಿಟ್ಟು ಸೇಂಟ್-ಪಿಯರ್ ಅವರ ಮುಂಗಾಲು ಎಲ್ಲಿ ಊರುತ್ತದೆಂಬುದನ್ನಷ್ಟೇ ನೋಡಿ, ಆಮೇಲೆ ಗರಡಿಯವರಿಗೆ ಏನನ್ನಿಸಿತೆಂದು ಇಲ್ಲಿಯೇ ಬರೆಯಿರಿ.